ಮೂರು ನಿಮಿಷ

ಡಿಸೆಂಬರಿನಲ್ಲಿ ಮುರ್ಮಾನ್ಸ್ಕಿಗೆ ಹಗಲಿಲ್ಲ.
ನಡು ಮಧ್ಯಾಹ್ನ ಬಂದರಿನ ಮೇಲೆ
ತೊಳೆದ ಶಾಯಿಯಂಥ ನೀಲಿಯೊಂದು ಬಂದು ನಿಂತು
ಯಾರನ್ನೂ ಮಾತಾಡಿಸದೆ ಹೊರಟುಹೋಗುತ್ತದೆ.
ಇಂಥ ಊರಿನಲ್ಲಿ ನನಗೆ ಸಂಬಳ
ಕತ್ತಲು ಕಾಯುವುದಕ್ಕೆ.

ನಾಲ್ಕನೇ ಮಹಡಿ. ಗುಳುಗುಳಿಸುವ ಪಂಪು.
ಎರಡು ತಟ್ಟೆ ಗೊದಮೊಟ್ಟೆಗಳು,
ಆಫ್ರಿಕದ ಕಪ್ಪೆಯ ಮಕ್ಕಳು, ಹಿಮ ಕಂಡಿಲ್ಲ, ಕಾಣುವುದೂ ಇಲ್ಲ.
ಗಾಜಿನಂಥ ಮೈ. ಮೇಲಿಂದಲೇ ಮಿದುಳು ಕಾಣುತ್ತದೆ,
ಗಸಗಸೆ ಕಾಳಿನಷ್ಟು.
ಒಂದು ತಟ್ಟೆಗೆ ನಾಲ್ಕು ಗಂಟೆ ಬೆಳಕು:
ಹಸಿರು ಚುಕ್ಕೆಗಳು ಸಾಲಾಗಿ ಹೊತ್ತಿ ಆರುತ್ತವೆ.
ಇನ್ನೊಂದಕ್ಕೆ ನಾಲ್ಕು ಗಂಟೆ ಮುಚ್ಚಳ.
ಆಮೇಲೆ ರಿನಾತ್ ಬಂದು ಒಂದೊಂದರಲ್ಲೂ
ಬಣ್ಣ ಕುಡಿಸಿಟ್ಟ ಒಂದೇ ಒಂದು ನರಕೋಶವನ್ನು
ಉಸಿರು ಬಿಗಿಹಿಡಿದು ನೋಡುತ್ತಾನೆ.

ನನಗೂ ಒಮ್ಮೆ ತೋರಿಸಿದ.
ಎಲೆಯುದುರಿದ ಬರ್ಚ್ ಮರ ನೀರಿನಡಿ ನಿಂತ ಹಾಗೆ.
ಆದರೆ ಮರಕ್ಕೆ ಇಷ್ಟು ಆತುರವಿಲ್ಲ.
ಕವಲೊಂದು ಹೊರಡುತ್ತದೆ, ತಡಕುತ್ತದೆ,
ಯಾರೂ ಸಿಗದಿದ್ದರೆ, ಕೈಕುಲುಕಲು ಚಾಚಿ
ಪೆಚ್ಚಾದವರಂತೆ ಒಳಗೆಳೆದುಕೊಳ್ಳುತ್ತದೆ.
ಕಣ್ಣಿನಿಂದ ಹೊರಟ ಎಳೆಯೊಂದು
ಬೆಳಕಿನ ಸುದ್ದಿ ಹೊತ್ತು ಬಂದು ಮುಟ್ಟಿದರೆ
ಅಲ್ಲೇ ನಿಲ್ಲುತ್ತದೆ. ಅದಕ್ಕೊಂದು ಟಿಸಿಲು.
ಟಿಸಿಲಿಗೆ ಇನ್ನೊಂದು.
'ಕತ್ತಲಲ್ಲೂ ಚಾಚುತ್ತವೆ, ತೈಸಿಯಾ,
ಉಳಿಯುವುದು ಕಡಿಮೆ, ಅಷ್ಟೇ' ಅಂದ ರಿನಾತ್.
ಆ ಅಷ್ಟೇ
ನನ್ನ ಜೊತೆ ಲಿಫ್ಟಿನಲ್ಲಿ ಇಳಿದು ಮನೆಗೆ ಬಂತು.

ನಮಗೂ ಒಬ್ಬರು ಬೆಳಕನ್ನು ಅಳೆದು ಕೊಟ್ಟಿದ್ದರು.
ಶಿಶುವಿಹಾರದಲ್ಲಿ ಬರೀ ಚಡ್ಡಿ ತೊಟ್ಟು
ಕಪ್ಪು ಕನ್ನಡಕ ಬಿಗಿದುಕೊಂಡು
ಕ್ವಾರ್ಟ್ಸ್ ದೀಪದ ಸುತ್ತ ನಿಲ್ಲುತ್ತಿದ್ದೆವು.
ಎದೆಗೆ ಮೂರು ನಿಮಿಷ.
'ತಿರುಗಿ!'
ಬೆನ್ನಿಗೆ ಮೂರು.
ಸಿಡಿಲು ಬಡಿದ ಮೇಲಿನ ಗಾಳಿಯ ವಾಸನೆ.
ಮರಳು ಗಡಿಯಾರ ನರ್ಸ್ ಅಗ್ನಿಯಾಳ ಮುಷ್ಟಿಯಲ್ಲಿ;
ಒಂದು ಕಾಳು ಹೆಚ್ಚು ಬೀಳಗೊಡುತ್ತಿರಲಿಲ್ಲ ಆಕೆ.
ವೆನ್ಯಾ ಒಬ್ಬನೇ ಕನ್ನಡಕ ಎತ್ತಿ ನೋಡಿದ.
ಎರಡು ದಿನ, ಕಣ್ಣಿಗೆ ಮರಳು ಸುರಿದಂತೆ, ಅತ್ತ.
'ಏನು ಕಂಡಿತೋ?' ಅಂದರೆ
'ನೇರಳೆ' ಅಂದ.
ಎಷ್ಟು ಕೇಳಿದರೂ ಅದೊಂದೇ ಪದ.
ಈಗ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ,
ಅದರ ಬಾಗಿಲಿಗೆ ನೇರಳೆ ಬಳಿದದ್ದಕ್ಕೆ
ಎರಡು ಸಲ ದಂಡ ಕಟ್ಟಿದ್ದಾನೆ.

ಕಳೆದ ವಾರ, ರಾತ್ರಿ ಎರಡು ದಾಟಿತ್ತು,
ಕತ್ತಲ ತಟ್ಟೆಯ ಮುಚ್ಚಳ ತೆಗೆದೆ.
ಯಾಕೆ ಅಂತ ಕೇಳಬೇಡಿ.
ಕನಿಕರ ಎನ್ನುವಷ್ಟು ದೊಡ್ಡದೇನಲ್ಲ ಅದು.
ಮೇಜಿನ ದೀಪ ಹಚ್ಚಿ ಬೆರಳಾಡಿಸಿದೆ,
ಗೋಡೆಗೆ ನೆರಳಿನ ಮೊಲ ಮಾಡಿ ತೋರಿಸುವವರ ಹಾಗೆ.
ಅಷ್ಟೂ ಬಾಲಗಳು ಒಮ್ಮೆಲೇ ಹೊರಳಿದವು.
ಮೂರು ನಿಮಿಷ. ಮತ್ತೆ ಮುಚ್ಚಿದೆ.
ದಾಖಲೆ ಪುಸ್ತಕದಲ್ಲಿ ಬರೆದೆ: ಬೆಳಕು ಸೋರಿದೆ.
ಕಾರಣದ ಕಾಲಮ್ಮಿನಲ್ಲಿ: ನಾನು.

ರಿನಾತ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
'ಮೂರು ನಿಮಿಷಕ್ಕೆ ಏನೂ ಆಗಿರುವುದಿಲ್ಲ' ಅಂದ.
ಅಳೆದು ನೋಡಿದ. ಆಗಿರಲಿಲ್ಲ.
ಆದರೂ ಹನ್ನೊಂದು ಜೀವಗಳ ಲೆಕ್ಕಕ್ಕೆ
ಅಡ್ಡಗೀಟು ಹಾಕಿ ಪುಟ ಮಗುಚಿದ.

ಜನವರಿ. ಸೂರ್ಯ ಮರಳುವ ದಿನ
ಗುಡ್ಡದ ಮೇಲೆ ಅರ್ಧ ಊರು.
ಥರ್ಮಾಸಿನ ಚಹಾ, ಯಾರದೋ ಅಕಾರ್ಡಿಯನ್, ಮೂಗಿನ ಮೇಲೆ ಮಂಜು.
ಬೆಟ್ಟದಂಚಿಗೆ ಕೆಂಪನೆಯ ಒಂದು ಉಗುರು.
ನನ್ನ ಮುಂದಿದ್ದವಳು ತೋಳಿನ ಕೂಸಿನ ಟೊಪ್ಪಿಗೆ ಸರಿಸಿದಳು.
ಎರಡು ತಿಂಗಳದು. ಇದುವರೆಗೆ ಬಲ್ಬು ಬಿಟ್ಟರೆ
ಇನ್ನೊಂದು ಸೂರ್ಯನಿದ್ದಾನೆಂದು ಅದಕ್ಕೆ ಗೊತ್ತಿಲ್ಲ.
ಮುಖ ಸಿಂಡರಿಸಿತು. ಸೀನಿತು.
ಆಮೇಲೆ ಕಣ್ಣು ಬಿಟ್ಟಿತು, ಬಿಟ್ಟೇ ಇತ್ತು.
ನಾನು ಎಣಿಸತೊಡಗಿದೆ, ಅಭ್ಯಾಸಬಲ.

ಐವತ್ತೆಂಟು ನನಗೆ. ನನ್ನ ತಲೆ ಗಾಜಿನದಲ್ಲ.
ಒಳಗೆ ಯಾವುದಾದರೂ ಟಿಸಿಲು ಈ ವಯಸ್ಸಿನಲ್ಲೂ ಚಾಚಿತೋ,
ಚಾಚಿ ಪೆಚ್ಚಾಯಿತೋ,
ಇಣುಕಿ ಹೇಳುವವರಿಲ್ಲ.

ಮೂರು ನಿಮಿಷವಾಯಿತು.
'ತಿರುಗಿ!' ಅನ್ನಲು ಅಗ್ನಿಯಾ ಇರಲಿಲ್ಲ.
ಎದೆಯೊಡ್ಡಿ ನಿಂತೇ ಇದ್ದೆ.